ಹಂಪ್ತಾ ಪಾಸಿಗೆ ಯಾವ ಟೆಂಟು? ಮಗಳಿಗೊಂದು ಪತ್ರ

ಪುಟ್ಟಿ,

ನೀನು ಕಳಿಸಿದ ಟೆಂಟುಗಳ ವಿವರ ಪೂರ್ತಿ ಓದಿದೆ. ಸೆಪ್ಟೆಂಬರಿನಲ್ಲಿ ನೀನೂ ನಿನ್ನ ಗೆಳತಿಯೂ ಹಿಮಾಚಲದ ಬೆಟ್ಟಸಾಲಿನ ಹಂಪ್ತಾ ಪಾಸ್ ದಾಟುವಾಗ ಸಾಮಾನನ್ನು ಕುದುರೆ ಮೇಲೆ ಹೇರದೆ ನೀವೇ ಹೊರುತ್ತೀರಿ, ಮನಾಲಿಯ ಗೈಡ್ ಒಬ್ಬರು ಜೊತೆಗಿರುತ್ತಾರೆ ಅಂದೆಯಲ್ಲ, ಕೇಳಿ ಖುಷಿಯಾಯಿತು. ನಿನ್ನ ಕಣ್ಣು ಒಂದು ಕಿಲೋಗಿಂತ ಕಡಿಮೆ ತೂಗುವ, ನಡೆಯುವಾಗ ಊರುವ ಕೋಲನ್ನೇ ಕಂಬ ಮಾಡಿ ನಿಲ್ಲಿಸುವ ಟ್ರೆಕಿಂಗ್ ಪೋಲ್ ಟೆಂಟಿನ ಮೇಲಿದೆ ಅಂತ ಗೊತ್ತು. ನನ್ನ ಓಟು ಮಾತ್ರ ಬಾಗಿದ ಪೋಲುಗಳ ಮೇಲೆ ಗುಮ್ಮಟದಂತೆ ನಿಲ್ಲುವ 1.7 ಕಿಲೋದ ಡೋಮ್ ಟೆಂಟಿಗೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ದಾರಿ ನೋಡು. ಜೋಬ್ರಾದಿಂದ ಹೊರಟು ಚಿಕಾ ದಾಟಿದರೆ ಮರಗಳು ಕಡಿಮೆಯಾಗುತ್ತಾ ಹೋಗುತ್ತವೆ. ಬಾಲು ಕಾ ಘೇರಾದಲ್ಲಿ ಮಲಗುವ ಹೊತ್ತಿಗೆ ಗಾಳಿಗೆ ಅಡ್ಡ ನಿಲ್ಲುವಂಥದ್ದು ಬಂಡೆ ಬಿಟ್ಟರೆ ಏನೂ ಇಲ್ಲ. ಪಾಸ್ ಇರುವುದು ಸುಮಾರು 4,270 ಮೀಟರ್ ಎತ್ತರದಲ್ಲಿ. ಇಳಿದರೆ ಶಿಯಾ ಗೋರು, ಅಲ್ಲಿಂದ ಚಂದ್ರಾ ನದಿಯ ದಡದ ಛತ್ರು. ಪಾಸಿನ ಈಚೆ ಕುಲ್ಲು ಕಡೆ ಹಸಿರು, ಮಳೆ. ಆಚೆ ಲಾಹೌಲ್ ಒಣ ನಾಡು, ಬರೀ ಕಲ್ಲು, ಧೂಳು, ಚಳಿಗಾಳಿ. ಒಂದೇ ಟೆಂಟು ಎರಡನ್ನೂ ತಡೆದುಕೊಳ್ಳಬೇಕು.

ಅಂಥ ಬಯಲಿನಲ್ಲಿ ಮಳೆಗಿಂತ ಗಾಳಿಯೇ ಜಾಸ್ತಿ ಕಾಡುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಟೆಂಟಿನ ಮೇಲೆ ಬೀಳುವ ಒತ್ತಡ ನಾಲ್ಕರಷ್ಟಾಗುತ್ತದೆ. ಸಂಜೆ 30 ಕಿಲೋಮೀಟರ್ ವೇಗದ ಗಾಳಿಯಲ್ಲಿ ಅಲುಗಾಡದ ಟೆಂಟು ರಾತ್ರಿ 60ರ ಗಾಳಿಗೆ ಮಕಾಡೆ ಮಲಗಬಹುದು. ಹಾಗಾಗಿ ಗ್ರಾಂ ಉಳಿಸುವುದಾದರೆ ಬೇರೆಲ್ಲಾದರೂ ಉಳಿಸು. ಪೋಲು, ಗೂಟ, ಹಗ್ಗ, ಮಳೆ ತಡೆಯುವ ಹೊರಪದರ (ಫ್ಲೈ), ಈ ನಾಲ್ಕರಲ್ಲಿ ಮಾತ್ರ ಬೇಡ.

ಟ್ರೆಕಿಂಗ್ ಪೋಲ್ ಟೆಂಟು ಕೆಟ್ಟದ್ದೇನಲ್ಲ. ಪಳಗಿದವರ ಕೈಯಲ್ಲಿ ಅದು ದೊಡ್ಡ ಗಾಳಿಯನ್ನೂ ತಡೆಯುತ್ತದೆ. ಆದರೆ ಅದು ನಿಲ್ಲುವುದೇ ಗೂಟಗಳ ಬಲದಿಂದ. ಮುಖ್ಯವಾದ ಒಂದು ಗೂಟ ಕಿತ್ತರೆ ಪೂರ್ತಿ ಟೆಂಟು ಮುಖದ ಮೇಲೆ. ಬಾಲು ಕಾ ಘೇರಾದಲ್ಲಿ ನಿಮಗೆ ಸಿಗುವುದು ಹೊಳೆ ಬದಿಯ ಮರಳು. ಅಲ್ಲಿ ಗೂಟ ಸಲೀಸಾಗಿ ಇಳಿಯುತ್ತದೆ, ಅಷ್ಟೇ ಸಲೀಸಾಗಿ ಕಿತ್ತೂ ಬರುತ್ತದೆ. ಪಾಸಿನ ಆಚೆ ಕಲ್ಲುನೆಲ, ಅಲ್ಲಿ ಗೂಟ ಇಳಿಯುವುದೇ ಕಷ್ಟ. ಅಡ್ಡಡ್ಡ ಎರಡು ಪೋಲಿನ ಡೋಮ್ ಆದರೆ ತಾನಾಗಿ ನಿಲ್ಲುತ್ತದೆ. ಜಾಗ ಸರಿಯಿಲ್ಲ ಅನಿಸಿದರೆ ಎತ್ತಿ ಪಕ್ಕಕ್ಕೆ ಇಡಬಹುದು. ಹಾಗಂತ ತಾನಾಗಿ ನಿಲ್ಲುತ್ತೆ ಅಂತ ಹಗ್ಗ ಕಟ್ಟದೆ ಬಿಡಬೇಡ. ಎಷ್ಟೋ ಜನ ಮಾಡುವುದು ಅದನ್ನೇ. ಖಾಲಿ ಡೋಮ್ ಗಾಳಿಗೆ ಉರುಳಿಕೊಂಡು ಹೋಗುತ್ತದೆ.

ಹಗ್ಗ ಕಟ್ಟುವ ಒಂದು ಉಪಾಯ ಕಲಿತುಕೋ. ಹಗ್ಗದ ತುದಿಯ ಕುಣಿಕೆಯನ್ನು ಗೇಣುದ್ದದ ಕಲ್ಲಿಗೆ ಬಿಗಿದು ನೆಲಕ್ಕಿಡು. ಅದಕ್ಕೂ ಟೆಂಟಿಗೂ ನಡುವೆ, ಹಗ್ಗದ ಮೇಲೆ, ಎರಡು ಕೈಯಲ್ಲಿ ಎತ್ತುವಂಥ ದೊಡ್ಡ ಕಲ್ಲು ಕೂರಿಸು. ಗಾಳಿ ಎಳೆದಷ್ಟೂ ಚಿಕ್ಕ ಕಲ್ಲು ದೊಡ್ಡದರ ಬೆನ್ನಿಗೆ ಒತ್ತಿಕೊಳ್ಳುತ್ತದೆ, ಹಗ್ಗ ಜಾರುವುದಿಲ್ಲ. ಚೂಪು ಅಂಚಿನ ಕಲ್ಲು ಬೇಡ, ಬೆಳಗಾಗುವುದರೊಳಗೆ ಹಗ್ಗ ತಿಂದುಬಿಡುತ್ತದೆ. ಮರಳಿನಲ್ಲಾದರೆ ಅದೇ ಚಿಕ್ಕ ಕಲ್ಲನ್ನು ಮೊಳದಷ್ಟು ಆಳಕ್ಕೆ ಹೂತು, ಮೇಲೆ ಮರಳು ತುಳಿದು ಗಟ್ಟಿ ಮಾಡು. ಇದಕ್ಕೆ ಹಗ್ಗ ಉದ್ದ ಬೇಕು. ಟೆಂಟಿನ ಜೊತೆ ಬರುವ ಹಗ್ಗ ಸಾಲುವುದಿಲ್ಲ. ಆರೇಳು ಮೀಟರ್ ಬೇರೆ ತಗೋ.

ಪೋಲು ಅಲ್ಯೂಮಿನಿಯಮ್ಮಿನದೇ ಇರಲಿ. ಅಗ್ಗದ ಟೆಂಟುಗಳ ಫೈಬರ್‌ಗ್ಲಾಸ್ ಪೋಲು ಚಳಿಯಲ್ಲಿ ಸೀಳಿ ಚೂರಾಗಬಹುದು. ಅಲ್ಯೂಮಿನಿಯಮ್ ಸಾಮಾನ್ಯವಾಗಿ ಬಾಗುತ್ತದೆ. ಮುರಿದರೂ ಮೇಲೊಂದು ಚಿಕ್ಕ ಕೊಳವೆ ತೊಡಿಸಿ ಟೇಪು ಸುತ್ತಿದರೆ ಟ್ರೆಕ್ ಮುಗಿಸಬಹುದು. ಆ ಕೊಳವೆ ಚೀಲದಲ್ಲಿದೆಯಾ ಅಂತ ಅಂಗಡಿಯಲ್ಲೇ ಬಿಚ್ಚಿ ನೋಡು.

ನಿನ್ನ ಪಟ್ಟಿಯಲ್ಲಿ ಒಂದೇ ಪದರದ ಟೆಂಟೂ ಇದೆ. ಅದು ಬೇಡ. ಇಬ್ಬರ ಉಸಿರಿನ ತೇವ ತಣ್ಣನೆ ಬಟ್ಟೆಗೆ ತಾಗಿ ನೀರಾಗುತ್ತದೆ. ಗಾಳಿ ಬಟ್ಟೆಯನ್ನು ಒದರಿದಾಗ ಆ ನೀರು ಸ್ಲೀಪಿಂಗ್ ಬ್ಯಾಗಿನ ಮೇಲೆ ತುಂತುರಾಗಿ ಬೀಳುತ್ತದೆ. ಹಕ್ಕಿಯ ಮೆತ್ತನೆ ಗರಿ ತುಂಬಿದ ಡೌನ್ ಬ್ಯಾಗ್ ಒದ್ದೆಯಾದರೆ ಬಿಸಿ ಹಿಡಿಯುವುದಿಲ್ಲ, ಆ ಎತ್ತರದಲ್ಲಿ ಅದು ಹುಡುಗಾಟವಲ್ಲ. ಎರಡು ಪದರವಿದ್ದರೆ ನೀರು ಫ್ಲೈ ಮೇಲೇ ಇಳಿದು ಹೋಗುತ್ತದೆ. ಒಳಪದರ ಬರೀ ಜಾಲರಿ ಇರಬಾರದು. ಕೆಳಗಿನ ಅರ್ಧವಾದರೂ ಬಟ್ಟೆ ಇರಲಿ, ಇಲ್ಲದಿದ್ದರೆ ಲಾಹೌಲಿನ ಧೂಳೆಲ್ಲ ನಿಮ್ಮ ಮೂಗಿನಲ್ಲಿ. ಫ್ಲೈ ನೆಲದ ಹತ್ತಿರದವರೆಗೂ ಇಳಿಯಬೇಕು.

ಬಟ್ಟೆಯ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಸಿಲ್‌ನೈಲಾನ್ (ಸಿಲಿಕೋನ್ ಲೇಪಿಸಿದ ನೈಲಾನ್) ಗಟ್ಟಿ, ಆದರೆ ನೀರು ಹೀರಿ ಸಡಿಲವಾಗುತ್ತದೆ. ಮಲಗುವ ಮುಂಚೆ ಒಮ್ಮೆ ಹಗ್ಗ ಬಿಗಿ ಮಾಡಬೇಕು, ಅಷ್ಟೇ. ಪಾಲಿಯೆಸ್ಟರ್ ಅಷ್ಟು ಸಡಿಲವಾಗುವುದಿಲ್ಲ. ಡೈನೀಮಾ ಅನ್ನುವ ದುಬಾರಿ ಬಟ್ಟೆ ತುಂಬಾ ಹಗುರ, ಜಗ್ಗುವುದೂ ಇಲ್ಲ, ಆದರೆ ಆ ದುಡ್ಡಿಗೆ ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ತಗೊಳ್ಳುವುದು ಮೇಲು.

ಇನ್ನು ತೂಕ. ಎರಡು ಟೆಂಟಿಗೂ ವ್ಯತ್ಯಾಸ ಸುಮಾರು 700 ಗ್ರಾಂ ಅಲ್ವಾ? ಇಬ್ಬರಿಗೆ ಹಂಚಿದರೆ ತಲೆಗೆ ಸುಮಾರು 350. ಅರ್ಧ ಬಾಟಲಿ ನೀರಿಗಿಂತ ಕಡಿಮೆ. ಹಂಚಿಕೊಳ್ಳುವಾಗ ಫ್ಲೈ, ಪೋಲು, ಗೂಟ ಒಬ್ಬರ ಬ್ಯಾಗಿನಲ್ಲಿ, ಒಳಪದರ ಮತ್ತು ಅಡುಗೆ ಸಾಮಾನು ಇನ್ನೊಬ್ಬರಲ್ಲಿ. ಫ್ಲೈ ಮತ್ತು ಪೋಲು ಒಟ್ಟಿಗಿದ್ದರೆ ಮಳೆ ಬಂದ ಕೂಡಲೇ ಒಂದು ಸೂರು ಸಿಗುತ್ತದೆ. ಆದರೆ ನಿನ್ನ ಟೆಂಟು ಒಳಪದರವಿಲ್ಲದೆ ಫ್ಲೈ ಮಾತ್ರ ನಿಲ್ಲಿಸುವಂಥದ್ದಾ ಅಂತ ಮೊದಲು ಕೇಳು. ಎಲ್ಲ ಟೆಂಟಿನಲ್ಲೂ ಅದು ಆಗುವುದಿಲ್ಲ.

ಎಷ್ಟೇ ಚಳಿಯಿದ್ದರೂ ಸ್ಟೋವ್ ಟೆಂಟಿನೊಳಗೆ ಹಚ್ಚಕೂಡದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಇದರಲ್ಲಿ ಚೌಕಾಸಿ ಇಲ್ಲ. ನೀರಿನ ಅಂಚಿಗೂ ಟೆಂಟು ಹಾಕಬೇಡಿ. ಹಿಮ ಕರಗಿ ಬರುವ ಹೊಳೆ ಬೆಳಿಗ್ಗೆ ಬಡಕಲಾಗಿ, ಮಧ್ಯಾಹ್ನದ ಮೇಲೆ ಉಕ್ಕುತ್ತದೆ. ಮೇಲೆ ಮಳೆಯಾದರಂತೂ ಹೇಳುವುದೇ ಬೇಡ. ಜಾಗದ ವಿಷಯದಲ್ಲಿ ಗೈಡ್ ಮಾತು ಕೇಳಿ. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ.

ಶನಿವಾರ ಅಂಗಡಿಗೆ ಹೋಗುವಾಗ ಮಲಗುವ ಮ್ಯಾಟುಗಳನ್ನೂ ಒಯ್ಯಿರಿ. ಎರಡು ಮ್ಯಾಟ್ ಸೇರಿದರೆ 102 ಸೆಂಟಿಮೀಟರ್. ಇಬ್ಬರ ಟೆಂಟು ಅಂತ ಬರೆದಿದ್ದರೂ ಕಾಲಿನ ಕಡೆ ಕಿರಿದಾಗುವ ಟೆಂಟುಗಳಿವೆ. ಇಬ್ಬರೂ ಒಳಗೆ ಮಲಗಿ, ನಿನ್ನ ಗೆಳತಿ ಉದ್ದ ಅಲ್ವಾ, ಅವಳ ತಲೆಯೂ ಪಾದವೂ ಬಟ್ಟೆಗೆ ತಾಗುತ್ತವಾ ನೋಡಿ. ಎರಡು ಬಾಗಿಲಿದ್ದರೆ ಒಳ್ಳೆಯದು, ರಾತ್ರಿ ಎದ್ದವಳು ಇನ್ನೊಬ್ಬಳನ್ನು ತುಳಿಯುವುದಿಲ್ಲ. ತಂದ ಮೇಲೆ ಟೆರೇಸಿನಲ್ಲಿ ಒಮ್ಮೆ, ಕತ್ತಲಲ್ಲಿ ಕೈಗವಸು ಹಾಕಿಕೊಂಡು ಇನ್ನೊಮ್ಮೆ ಹಾಕಿ. ಅಳತೆ, ಬೆಲೆ ಎಲ್ಲ ನನಗೆ ಕಳಿಸು. ದುಡ್ಡು ಕಡಿಮೆ ಬಿದ್ದರೆ ಹೇಳು, ನಾನು ಹಾಕುತ್ತೇನೆ.

ನಿನ್ನ
ಅಮ್ಮ