ಥಂಡಿಯಲ್ಲಿ ಕಾರಿನ ಗಾಜಿಗೆ ಹಂಡೆ ನೀರು ಬೇಡ

ಮಾನ್ಯರೇ,

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದ ಕಾರುಗಳು ಗಾಲಿಗೆ ಎರೆಮಣ್ಣು ಮೆತ್ತಿಕೊಂಡೇ ಮನೆಗೆ ಬರುತ್ತವೆ. ಮರುದಿನ ನಸುಕಿನಲ್ಲೇ ಬೀದರ್‌ನ ಓಣಿಗಳಲ್ಲಿ ತೊಳೆಯುವ ಕೆಲಸ ಶುರು. ಟಾಕಿ ನೀರು ಮುಟ್ಟಿದರೆ ಕೈ ಕೊರೆಯುತ್ತದೆ. ಹಾಗಾಗಿ ಜಳಕಕ್ಕೆ ಕಾಸಿದ ಹಂಡೆ ನೀರನ್ನೇ ಒಂದು ಬಕೆಟ್ ತಂದು ಮುಂದಿನ ಗಾಜಿನ ಮೇಲೆ ಸುರಿದುಬಿಡುತ್ತಾರೆ. ಗಾಜು ಸೀಳುವುದು ಹೀಗೆಯೇ.

ರಾತ್ರಿಯಿಡೀ ಬಯಲಲ್ಲಿ ನಿಂತು ಇಬ್ಬನಿ ಕುಡಿದ ಗಾಜು ಬೆಳಿಗ್ಗೆ 10–12 ಡಿಗ್ರಿಯಲ್ಲಿರುತ್ತದೆ. ಹಂಡೆಯ ನೀರು ಸುಲಭವಾಗಿ 60 ದಾಟಿರುತ್ತದೆ. ನೀರು ಬಿದ್ದ ಜಾಗ ಒಮ್ಮೆಲೇ ಹಿಗ್ಗುತ್ತದೆ, ಪಕ್ಕದ ಜಾಗ ಹಿಗ್ಗುವುದಿಲ್ಲ. ಲಾರಿ ಗಾಲಿಯಿಂದ ಸಿಡಿದ ಕಡಿ ಬಡಿದು ಜೋಳದ ಕಾಳಿನಷ್ಟು ಚುಕ್ಕೆ ಮೊದಲೇ ಇದ್ದರೆ, ಗೆರೆ ಹರಿಯುವುದು ಅಲ್ಲಿಂದಲೇ. ಮುಂದಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಆದ್ದರಿಂದ ಅದು ಉದುರಿ ಬೀಳುವುದಿಲ್ಲ, ಆದರೆ ಗೆರೆ ದಿನೇ ದಿನೇ ಬೆಳೆಯುತ್ತದೆ. ಬಿಸಿನೀರು ಬೇಕೇ ಬೇಕೆಂದರೆ ಒಂದು ಚೊಂಬಿಗೆ ಮೂರು ಚೊಂಬು ತಣ್ಣೀರು ಬೆರೆಸಿ, ಮಣಿಕಟ್ಟಿನ ಮೇಲೆ ಹಾಕಿಕೊಂಡು ನೋಡಿ. ಬೋರ್‌ವೆಲ್ ಇದ್ದವರಿಗೆ ಅದೂ ಬೇಡ. ಆಗತಾನೇ ಎತ್ತಿದ ನೀರು ಚಳಿಗಾಲದಲ್ಲಿ ತಾನಾಗಿಯೇ ಉಗುರುಬೆಚ್ಚಗಿರುತ್ತದೆ. ಎಲ್ಲಕ್ಕಿಂತ ಒಳ್ಳೆಯದು, ಬಿಸಿಲು ಏರಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ನೆರಳಲ್ಲಿ ತೊಳೆಯುವುದು.

ಎರಡನೆಯ ತಪ್ಪು ಒಣಬಟ್ಟೆಯಿಂದ ಝಾಡಿಸುವುದು. ಬೀದರ್‌ನ ಕೆಂಪು ಮುರುಮಿನ ಧೂಳಿನಲ್ಲಿ ಕಬ್ಬಿಣದ ಅಂಶವಿರುವ ಗಟ್ಟಿ ಕಣಗಳಿವೆ. ಸೇಡಂ, ವಾಡಿ ಕಡೆಯಾದರೆ ಸಿಮೆಂಟಿನ ಧೂಳು. ರಾತ್ರಿ ಇಬ್ಬನಿಗೆ ನೆನೆದ ಧೂಳು ಹಗಲು ಒಣಗಿ ಬಣ್ಣದ ಮೇಲೆ ಹಕ್ಕಳೆ ಕಟ್ಟುತ್ತದೆ. ಅದನ್ನು ಒಣಗಿದಂತೆಯೇ ಒರೆಸಿದರೆ ಮರಳು ಕಾಗದ ಉಜ್ಜಿದಂತೆಯೇ ಸೈ. ಬಿಸಿಲಿಗೆ ಓರೆಯಾಗಿ ನೋಡಿದಾಗ ಬಾನೆಟ್ ಮೇಲೆ ಕಾಣುವ ಜೇಡರ ಬಲೆಯಂಥ ಗೆರೆಗಳು ಹೆಚ್ಚಾಗಿ ಹೀಗೆ ಬಂದವು.

ಮೊದಲು ಗಾಲಿಗಳು. ಎರೆಮಣ್ಣು ನೀರು ಕುಡಿದು ಉಬ್ಬುವ ಮಣ್ಣು, ಒಣಗಿದರೆ ಕಲ್ಲು. ಖುರಪಿಯಿಂದ ಕೀಳಬೇಡಿ. ಗಾಲಿಯ ಮೇಲಿನ ಗೂಡಿಗೆ ನೀರು ಹೊಡೆದು ಹತ್ತು ನಿಮಿಷ ಬಿಟ್ಟರೆ ಹೆಂಟೆಗಳು ತಾವಾಗಿಯೇ ಜಾರುತ್ತವೆ. ಆದರೆ ಗಾಡಿ ಈಗಷ್ಟೇ ಬಂದು ನಿಂತಿದ್ದರೆ ಅರ್ಧ ಗಂಟೆ ತಡೆಯಿರಿ. ಕಾದ ಬ್ರೇಕ್ ಡಿಸ್ಕ್‌ಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು. ತೊಗರಿ ರಾಶಿಯ ಹೊಲಕ್ಕೆ ಹೋಗಿ ಬಂದ ಗಾಡಿಯಾದರೆ ಬಗ್ಗಿ ಸೈಲೆನ್ಸರ್ ಕಡೆಗೂ ಒಮ್ಮೆ ನೋಡಿ. ಅಲ್ಲಿ ಸಿಕ್ಕಿದ ಒಣ ಕಟ್ಟಿಗೆ, ಹೊಟ್ಟು ಬೆಂಕಿಗೆ ಮೂಲ.

ಮೈ ತೊಳೆಯಲು ಎರಡು ಬಕೆಟ್ ಬೇಕು: 10 ಲೀಟರ್ ನೀರಿಗೆ ಕಾರ್ ಶಾಂಪೂ ಬೆರೆಸಿದ್ದು ಒಂದು (ಅಳತೆ ಬಾಟಲಿಯ ಮೇಲೆಯೇ ಇರುತ್ತದೆ), ಬಟ್ಟೆ ಜಾಲಿಸಲು ಬರೀ ನೀರಿನದು ಇನ್ನೊಂದು. ಬಟ್ಟೆ ಒಗೆಯುವ ಪುಡಿ ಕ್ಷಾರ, ಅದು ಬಣ್ಣದ ಮೇಲಿನ ಮೇಣ ತೆಗೆದುಬಿಡುತ್ತದೆ. ಹೊಳಪಿಗೆಂದು ಡೀಸೆಲ್ ಸವರುವ ಚಟವಂತೂ ರಬ್ಬರಿಗೆ ಶತ್ರು, ಧೂಳಿಗೆ ಅಂಟು. ಚಾವಣಿಯಿಂದ ಶುರು ಮಾಡಿ ಕೆಳಗೆ ಇಳಿಯಿರಿ. ಬಟ್ಟೆ ಒಮ್ಮೆ ನೆಲಕ್ಕೆ ಬಿತ್ತೆಂದರೆ ಅದನ್ನು ಮತ್ತೆ ಬಣ್ಣಕ್ಕೆ ಮುಟ್ಟಿಸಬೇಡಿ. ಗಾಲಿ ಸೇರಿಸಿ 40 ಲೀಟರ್‌ನಲ್ಲಿ ಒಂದು ಸಣ್ಣ ಕಾರು ಚೊಕ್ಕಾಗುತ್ತದೆ. ಪೈಪ್ ಬಿಟ್ಟುಕೊಂಡು ನಿಂತರೆ ಅಷ್ಟು ನೀರು ನಾಲ್ಕೈದು ನಿಮಿಷಕ್ಕೆ ಚರಂಡಿ ಸೇರುತ್ತದೆ. ಬಾಗಿಲುಗಳ ತಳದಂಚಿನಲ್ಲಿ ನೀರು ಸೋರಲು ಸಣ್ಣ ಸೀಳುಗಳಿವೆ. ಮಣ್ಣು ಮೆತ್ತಿ ಮುಚ್ಚಿದ್ದರೆ ಬೇವಿನ ಕಡ್ಡಿಯಿಂದ ಬಿಡಿಸಿ, ಇಲ್ಲದಿದ್ದರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ.

ನಮ್ಮ ಗಡಸು ನೀರು ಆರಿದಲ್ಲೆಲ್ಲ ಸುಣ್ಣದ ಚುಕ್ಕೆ ಬಿಡುತ್ತದೆ. ಒಂದೊಂದು ಭಾಗ ತೊಳೆದಂತೆಯೇ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒರೆಸಬೇಕು. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಕೂಡಿಟ್ಟು ಕಾರಿಗೆ ಬಳಸುವವರಿದ್ದಾರೆ, ಉಳಿತಾಯವೇನೋ ಸರಿ. ಆದರೆ ಲವಣವೆಲ್ಲ ಅದರಲ್ಲೇ ಕೂಡಿರುತ್ತದೆ, ಆದ್ದರಿಂದ ಗಾಲಿಯ ಮಣ್ಣು ನೆನೆಸಲು ಸಾಕು, ಕೊನೆಯ ನೀರಿಗೆ ಬೇಡ. ಗಾಜಿನ ಹಳೆಯ ಕಲೆಗೆ ಬಿಳಿ ವಿನೆಗರ್ ಮತ್ತು ನೀರು ಸಮ ಬೆರೆಸಿ ಒಂದೆರಡು ನಿಮಿಷ ಹಚ್ಚಿ ತೊಳೆಯಿರಿ. ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿದ್ದರೆ ಮಾತ್ರ ಎಚ್ಚರ: ಅದು ಸುಣ್ಣದ ಕಲ್ಲು, ಹುಳಿ ಬಿದ್ದಲ್ಲಿ ಹೊಳಪು ಹೋಗುತ್ತದೆ. ಸಾಬೂನು ನೀರಿಗೆ ಅದೇ ಫರಸಿ ಜಾರುತ್ತದೆ, ನಿಲ್ಲುವ ಜಾಗಕ್ಕೆ ಗೋಣಿಚೀಲ ಹಾಸಿಕೊಳ್ಳಿ. ಪ್ರೆಶರ್ ವಾಷರ್ ಹಚ್ಚುವವರು ಎಕ್ಸ್‌ಟೆನ್ಶನ್ ಬೋರ್ಡನ್ನು ಒದ್ದೆ ನೆಲದ ಮೇಲೆ ಇಡಬಾರದು. ಅರ್ಥಿಂಗ್ ಸರಿ ಇರಬೇಕು, ಕಾಲಿಗೆ ರಬ್ಬರ್ ಚಪ್ಪಲಿ ಇರಬೇಕು, ನೀರಿನ ಏಟು ಬಾನೆಟ್ ಒಳಗೆ ಹೋಗಬಾರದು.

ಇನ್ನು ಹ್ಯಾಂಡ್‌ಬ್ರೇಕ್. ತೊಳೆದ ಗಾಡಿಯನ್ನು ಹಾಗೆಯೇ ಹ್ಯಾಂಡ್‌ಬ್ರೇಕ್ ಎಳೆದು ರಾತ್ರಿ ನಿಲ್ಲಿಸಿದರೆ, ಹಿಂದಿನ ಗಾಲಿಯ ಬ್ರೇಕ್ ಡ್ರಮ್ಮಿಗೂ ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂಗೂ ನಡುವೆ ಉಳಿದ ನೀರು ತುಕ್ಕಾಗಿ ಎರಡನ್ನೂ ಅಂಟಿಸುತ್ತದೆ. ಬೆಳಿಗ್ಗೆ ಗಾಡಿ ಹಿಂಭಾಗ ಕುಗ್ಗಿಸುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ತೊಳೆದ ಮೇಲೆ ಅರ್ಧ ಕಿಲೋಮೀಟರ್ ನಿಧಾನವಾಗಿ ಓಡಿಸುತ್ತ ಐದಾರು ಸಲ ಬ್ರೇಕ್ ಮೆಲ್ಲಗೆ ಒತ್ತಿ, ಆ ಬಿಸಿಗೆ ನೀರು ಆರುತ್ತದೆ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯದೆ, ಸಮತಟ್ಟು ನೆಲದಲ್ಲಿ ಫಸ್ಟ್ ಗೇರಿಗೆ ಹಾಕಿ ಗಾಲಿಗೆ ಕಲ್ಲು ಕೊಡಿ. ಆಗಲೇ ಅಂಟಿದ್ದರೆ ಜೋರಾಗಿ ಎಕ್ಸಲೇಟರ್ ತುಳಿಯಬೇಡಿ. ಕಲ್ಲು ತೆಗೆದು, ರಿವರ್ಸ್ ಹಾಕಿ ಮೆಲ್ಲಗೆ ಹಿಂದೆ, ಮತ್ತೆ ಮುಂದೆ ಆಡಿಸಿ. ಟಕ್ ಎಂದು ಬಿಡುತ್ತದೆ.

– ಗ್ಯಾರೇಜ್ ಕೆಲಸಗಾರರು, ಬೀದರ್