ಎಲೆಕ್ಟ್ರಾನ್ ಚೂರಾಗಿಲ್ಲ

ಮಾನ್ಯ ಸಂಪಾದಕರೇ,

ವಿಜ್ಞಾನದ ಪುಟಗಳಲ್ಲಿ ಫ್ರಾಕ್ಷನಲ್ ಕ್ವಾಂಟಮ್ ಹಾಲ್ ಪರಿಣಾಮದ (ತೆಳು ಪದರದ ಎಲೆಕ್ಟ್ರಾನ್‌ಗಳು ಕಡು ಚಳಿಯಲ್ಲಿ, ಪ್ರಬಲ ಕಾಂತಕ್ಷೇತ್ರದಲ್ಲಿ ತೋರುವ ವಿಚಿತ್ರ ನಡವಳಿಕೆಯ) ಸುದ್ದಿ ಬಂದಾಗಲೆಲ್ಲ ಅದೇ ಒಂದು ಸಾಲು ಇರುತ್ತದೆ: ಎಲೆಕ್ಟ್ರಾನ್ ಒಡೆದು ಮೂರು ಚೂರಾಯಿತು. ದಯವಿಟ್ಟು ಇದನ್ನು ಬಿಡಿ. ಯಾವ ಎಲೆಕ್ಟ್ರಾನೂ ಒಡೆದಿಲ್ಲ. ಕೋಟಿಗಟ್ಟಲೆ ಎಲೆಕ್ಟ್ರಾನ್‌ಗಳು ಸೇರಿ ಒಂದು ದ್ರವದ ಹಾಗೆ ನಡೆದುಕೊಂಡಾಗ, ಆ ದ್ರವದಲ್ಲಿ ಏಳುವ ಸಣ್ಣ ಕಲಕು ಮೂರನೇ ಒಂದು ಭಾಗ ಚಾರ್ಜ್ ಹೊತ್ತಿರುತ್ತದೆ, ಅಷ್ಟೆ. ಆ ಚಾರ್ಜನ್ನು 1997ರಲ್ಲಿ ಇಸ್ರೇಲ್ ಮತ್ತು ಫ್ರಾನ್ಸ್‌ನ ಎರಡು ತಂಡಗಳು ಕರೆಂಟಿನ ಗದ್ದಲ (ಅದರ ಸಣ್ಣ ಏರಿಳಿತ) ಅಳೆದು ತೋರಿಸಿದವು.

ಈ ಸಾಲಿನ ಗಲಾಟೆಯಲ್ಲಿ ನಿಜವಾದ ಸ್ವಾರಸ್ಯವೇ ತಪ್ಪಿಹೋಗುತ್ತದೆ ಅನ್ನೋದು ನನ್ನ ದೂರು.

1982ರಲ್ಲಿ ತ್ಸುಯಿ, ಸ್ಟೋರ್ಮರ್ ಮತ್ತು ಗೊಸಾರ್ಡ್ ಗ್ಯಾಲಿಯಂ ಆರ್ಸೆನೈಡ್ ಪದರದಲ್ಲಿ 1/3 ಅನ್ನುವ ಮೆಟ್ಟಿಲು ಕಂಡರು. ಮೆಟ್ಟಿಲು ಅಂದರೆ, ಕಾಂತಕ್ಷೇತ್ರ ಏರಿಸುತ್ತಾ ಹೋದರೂ ಪದರಕ್ಕೆ ಅಡ್ಡಲಾಗಿ ಅಳೆದ ರೋಧ ಏರದೆ ಸಮನಾಗಿ ನಿಲ್ಲುವ ಜಾಗ; ಎಲೆಕ್ಟ್ರಾನ್‌ಗಳು ಎಷ್ಟು ಶಕ್ತಿಮಟ್ಟ ತುಂಬಿವೆ ಅನ್ನೋದೇ ಅದರ ಸಂಖ್ಯೆ. ಅದಕ್ಕೆ ಮುಂಚೆ ಪೂರ್ಣಸಂಖ್ಯೆಯ ಮೆಟ್ಟಿಲುಗಳು ಗೊತ್ತಿದ್ದವು. ಅವುಗಳ ಲೆಕ್ಕ ಸುಲಭ, ಶಕ್ತಿಯ ಮಟ್ಟಗಳು ಒಂದೊಂದಾಗಿ ಪೂರ್ತಿ ತುಂಬುತ್ತವೆ. ಆದರೆ 1/3ರಲ್ಲಿ ಮೊದಲ ಮಟ್ಟದಲ್ಲೇ ಮೂರನೇ ಎರಡು ಭಾಗ ಖಾಲಿ. ಎಲ್ಲಿ ಬೇಕಾದರೂ ಕೂರಬಹುದು, ಯಾವ ಜಾಗಕ್ಕೂ ಶಕ್ತಿಯ ವ್ಯತ್ಯಾಸವಿಲ್ಲ, ಹಾಗಾಗಿ ಎಲೆಕ್ಟ್ರಾನ್‌ಗಳು ಪರಸ್ಪರ ದೂಡಿಕೊಳ್ಳುವುದೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಮರುವರ್ಷ ಲಾಫ್ಲಿನ್ 1/3ಕ್ಕೆ ಉತ್ತರ ಬರೆದರು. ಆದರೆ ಮೆಟ್ಟಿಲುಗಳು ಅಲ್ಲಿಗೇ ನಿಲ್ಲಲಿಲ್ಲ. 2/5, 3/7, 4/9 ಅಂತ ಬರುತ್ತಲೇ ಹೋದವು.

ಇಲ್ಲಿ ಜೈನೇಂದ್ರ ಜೈನ್ 1989ರಲ್ಲಿ ಹೇಳಿದ್ದನ್ನು ಒಂದು ಚೀಟಿಯ ಮೇಲೆ ಲೆಕ್ಕ ಹಾಕಬಹುದು. 2/5 ಅಂದರೆ 2 ಎಲೆಕ್ಟ್ರಾನ್‌ಗಳಿಗೆ ಕಾಂತಕ್ಷೇತ್ರದ 5 ಫ್ಲಕ್ಸ್ ಕ್ವಾಂಟಮ್ (ಕ್ಷೇತ್ರವನ್ನು ಎಣಿಸುವ ಒಂದೊಂದು ತುಣುಕು). ಒಂದು ಮಟ್ಟದಲ್ಲಿ ಒಂದು ಫ್ಲಕ್ಸಿಗೆ ಒಂದು ಕಣಕ್ಕೆ ಜಾಗ. ಪ್ರತಿ ಎಲೆಕ್ಟ್ರಾನ್ ಎರಡೆರಡು ಫ್ಲಕ್ಸ್ ತನಗೆ ಅಂಟಿಸಿಕೊಂಡಿತು ಅನ್ನಿ, 4 ಹೋಯಿತು, ಉಳಿದದ್ದು 1. ಈಗ 2 ಹೊಸ ಕಣಗಳಿಗೆ 1 ಫ್ಲಕ್ಸ್, ಅಂದರೆ ಎರಡು ಮಟ್ಟ ಪೂರ್ತಿ ತುಂಬಿವೆ! ಹಳೆಯ ಪೂರ್ಣಸಂಖ್ಯೆಯ ಕಥೆಯೇ ಮತ್ತೆ ಬಂತು ನೋಡಿ. 3/7ಕ್ಕೂ ಹೀಗೇ ಹಾಕಿ, ಮೂರು ಮಟ್ಟ ಬರುತ್ತದೆ. ಈ ಹೊಸ ಕಣವೇ ಕಾಂಪೋಸಿಟ್ ಫರ್ಮಿಯಾನ್ (ಫರ್ಮಿಯಾನ್ ಅಂದರೆ ಎಲೆಕ್ಟ್ರಾನಿನಂತೆ ಒಂದು ಸ್ಥಿತಿಯಲ್ಲಿ ಒಂದೇ ಇರುವ ಕಣ).

ಅಂಟಿಸಿಕೊಳ್ಳೋದು ಅನ್ನೋದನ್ನು ಅಕ್ಷರಶಃ ತಗೋಬೇಡಿ. ಹೊರಗಿನ ಕಾಂತಕ್ಷೇತ್ರ ಇದ್ದ ಹಾಗೇ ಇದೆ, ಒಂದಿಷ್ಟೂ ಕಡಿಮೆಯಾಗಿಲ್ಲ. ಎಲೆಕ್ಟ್ರಾನ್ ತನ್ನ ಸುತ್ತ ಕ್ವಾಂಟಮ್ ಸುಳಿಗಳನ್ನು ಕಟ್ಟಿಕೊಂಡು ಉಳಿದವರನ್ನು ದೂರ ಇಡುತ್ತದೆ, ಆ ಸುಳಿಗಳು ತರುವ ಫೇಸ್ (ಕ್ವಾಂಟಮ್ ಅಲೆಯ ಹಂತ) ಕಾಂತಕ್ಷೇತ್ರದ ಫೇಸನ್ನು ಬಹುಪಾಲು ಹೊಡೆದುಹಾಕುತ್ತದೆ.

ಹಾಗಾದರೆ ಇದು ಬರೀ ಲೆಕ್ಕದ ಚಮತ್ಕಾರ ಅಲ್ವಾ ಅಂತ ಕೇಳಬಹುದು. ಅರ್ಧ ತುಂಬಿದ ಮಟ್ಟಕ್ಕೆ ಬನ್ನಿ. 1 ಎಲೆಕ್ಟ್ರಾನ್, 2 ಫ್ಲಕ್ಸ್, ಎರಡೂ ಅಂಟಿತು, ಉಳಿದದ್ದು ಸೊನ್ನೆ. ಹೊರಗೆ ಹಲವು ಟೆಸ್ಲಾ ಇದ್ದರೂ ಈ ಕಣಗಳು ಕ್ಷೇತ್ರವೇ ಇಲ್ಲದ ಲೋಹದಲ್ಲಿ ಓಡಾಡುವಂತೆ ಓಡಾಡಬೇಕು. 1993ರಲ್ಲಿ ಹಾಲ್ಪೆರಿನ್, ಲೀ ಮತ್ತು ರೀಡ್ ಇದರ ಸಿದ್ಧಾಂತ ಕಟ್ಟಿದರು. ಅದೇ ವರ್ಷ, ಸಾಲಾಗಿ ರಂಧ್ರಗಳನ್ನು ಮಾಡಿದ ಪದರದಲ್ಲಿ ಅಳೆದಾಗ, ಅರ್ಧದಿಂದ ಸ್ವಲ್ಪ ಆಚೀಚೆ ಕಣಗಳು ತಿರುಗುವ ವೃತ್ತಗಳು ಉಳಿಕೆ ಕ್ಷೇತ್ರಕ್ಕೆ ತಕ್ಕಂತಿದ್ದವು, ಇಡೀ ಕ್ಷೇತ್ರಕ್ಕಲ್ಲ. ಇದನ್ನು ಕಂಡ ಮೇಲೂ ಸುಮ್ನೆ ಲೆಕ್ಕ ಅಂದರೆ ನಾನು ಒಪ್ಪೋದಿಲ್ಲ.

ಇದೊಂದೇ ಚಿತ್ರ ಅಂತಲೂ ಅಲ್ಲ. 1/3ರಲ್ಲಿ ಮೂರೂ ಫ್ಲಕ್ಸ್ ಅಂಟಿಸಿದರೆ ಕಣ ಬೋಸಾನ್ (ಒಂದೇ ಸ್ಥಿತಿಯಲ್ಲಿ ಎಷ್ಟು ಬೇಕಾದರೂ ಸೇರಬಲ್ಲ ಕಣ) ಆಗುತ್ತದೆ, ಕ್ಷೇತ್ರ ಸೊನ್ನೆಯಾಗುತ್ತದೆ, ಇಡೀ ಗುಂಪು ತಡೆಯಿಲ್ಲದೆ ಹರಿಯುವ ಸೂಪರ್‌ಫ್ಲೂಯಿಡ್ ಥರ ಒಂದಾಗುತ್ತದೆ. ಜಾಂಗ್, ಹಾನ್ಸನ್, ಕಿವೆಲ್ಸನ್ 1989ರಲ್ಲೇ ಇದನ್ನು ಬರೆದರು. ಒಂದೇ ದ್ರವಕ್ಕೆ ಎರಡು ವಿವರಣೆ, 1/3ರ ಮಟ್ಟಿಗೆ ಎರಡೂ ಸರಿ. ನನಗಂತೂ ಫರ್ಮಿಯಾನ್ ಚಿತ್ರವೇ ಜಾಸ್ತಿ ಹಿಡಿಸಿದೆ, 2/5, 3/7 ಅಂತ ಮೆಟ್ಟಿಲುಗಳ ಇಡೀ ಸಾಲು ಒಂದೇ ಏಟಿಗೆ ಸಿಗುತ್ತದಲ್ಲ.

ಅದರಲ್ಲೂ ತಕರಾರಿದೆ. ಅರ್ಧ ತುಂಬಿದ ಮಟ್ಟ ಅರ್ಧ ಖಾಲಿಯೂ ಹೌದು. ಫ್ಲಕ್ಸನ್ನು ಎಲೆಕ್ಟ್ರಾನ್‌ಗೇ ಯಾಕೆ ಅಂಟಿಸಬೇಕು, ಖಾಲಿ ಜಾಗಕ್ಕೆ ಯಾಕಲ್ಲ? 2015ರಲ್ಲಿ ಸನ್ ಅನ್ನುವ ವಿಜ್ಞಾನಿ, ಈ ಕಣ ಗ್ರಾಫೀನಿನಲ್ಲಿರುವಂಥ (ಒಂದೇ ಅಣು ದಪ್ಪದ ಇಂಗಾಲದ ಹಾಳೆಯಲ್ಲಿ ತೂಕವೇ ಇಲ್ಲದಂತೆ ಓಡುವ) ಡಿರಾಕ್ ಕಣವಾದರೆ ಎರಡೂ ಕಡೆಗೆ ಸಮನ್ಯಾಯ ಸಿಗುತ್ತದೆ ಎಂದರು. 5/2ರ ಮೆಟ್ಟಿಲಿನಲ್ಲಂತೂ ಈ ಕಾಂಪೋಸಿಟ್ ಫರ್ಮಿಯಾನ್‌ಗಳು ಜೋಡಿಯಾಗುತ್ತವೆ ಅಂತಾರೆ, ಆದರೆ ಯಾವ ಬಗೆಯ ಜೋಡಿ ಅನ್ನೋದರಲ್ಲಿ 2018ರ ಶಾಖದ ಅಳತೆ ಒಂದು ಕಡೆ, ಕಂಪ್ಯೂಟರ್ ಲೆಕ್ಕಗಳು ಇನ್ನೊಂದು ಕಡೆ. ಮುಂದಿನ ಸಲ ಈ ಜಗಳದ ಬಗ್ಗೆ ಬರೆಸಿ, ಚೂರುಗಳ ಬಗ್ಗೆ ಬೇಡ.

ಇಂತಿ,
ನಿಮ್ಮ ಓದುಗ