ಹಳದಿ ಎಲೆಗೆಲ್ಲ ಗೊಬ್ಬರ ಮದ್ದಲ್ಲ

ಸಂಪಾದಕರಿಗೆ ನಮಸ್ಕಾರ.

ಕುಂಡದಲ್ಲಿ ಹೂಗಿಡ ಬೆಳೆಸಿ ಮಾರುವುದು ನನ್ನ ಕಸುಬು. ಹಾಗಾಗಿ ನಿಮ್ಮ ಕೈತೋಟದ ಪ್ರಶ್ನೋತ್ತರ ಅಂಕಣವನ್ನು ತಪ್ಪದೆ ಓದುತ್ತೇನೆ. ಮೊನ್ನೆ ಓದುಗರೊಬ್ಬರು ಪೆಟೂನಿಯಾ ಎಲೆ ಹಳದಿಯಾಗುತ್ತಿದೆ, ಏನು ಮಾಡಲಿ ಎಂದು ಕೇಳಿದ್ದರು. ಗೊಬ್ಬರ ಸಾಲದು, ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್ ಇರುವ ಗೊಬ್ಬರ) ಕೊಡಿ ಎಂಬ ಉತ್ತರ ಬಂತು. ಯಾವ ಎಲೆ ಹಳದಿ, ಕೆಳಗಿನದೋ ತುದಿಯದೋ ಅಂತ ಮೊದಲು ಕೇಳಬೇಕಿತ್ತು, ಅಲ್ವಾ?

ಕೆಳಗಿನ ಹಳೇ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಆಗ ಆ ಉತ್ತರ ಸರಿ. ತುದಿಯ ಎಳೇ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಕುಂಡದಲ್ಲಿ ಕಬ್ಬಿಣವೇ ಇಲ್ಲ ಅಂತಲ್ಲ. ಕುಂಡಕ್ಕೆ ತುಂಬಿದ ಮಿಶ್ರಣದ ರಸಸಾರ, ಅಂದರೆ ಹುಳಿ-ಕ್ಷಾರದ ಅಳತೆಯಾದ ಪಿಎಚ್, ಮೇಲೇರಿದರೆ ಇರುವ ಕಬ್ಬಿಣ ಕರಗದೆ ಕೂತುಬಿಡುತ್ತದೆ. ಅಲ್ಲಿಗೆ ಎನ್‌ಪಿಕೆ ಸುರಿದರೆ ಉಪ್ಪಿನಂಶ ಜಾಸ್ತಿಯಾಗಿ ಬೇರಿಗೆ ಪೆಟ್ಟು. ಹಳದಿ ಮಾತ್ರ ಹಾಗೇ ಇರುತ್ತದೆ.

ನನ್ನ ಶೇಡ್‌ನೆಟ್ಟಿನಲ್ಲಿ ಪೆಟೂನಿಯಾ, ಜೆರೇನಿಯಂ ಅಕ್ಕಪಕ್ಕ ಇದ್ದವು. ಅದೇ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣ, ಅದೇ ನೀರು, ಅದೇ ಗೊಬ್ಬರ. ಪೆಟೂನಿಯಾದ ತುದಿಗಳು ಬಿಳಿಚಿಕೊಂಡಿದ್ದವು, ಜೆರೇನಿಯಂ ದಟ್ಟ ಹಸಿರಾಗಿ ನಗುತ್ತಿತ್ತು. ಇದರಲ್ಲಿ ಮಾಯವೇನಿಲ್ಲ. ಪೆಟೂನಿಯಾ, ಪ್ಯಾನ್ಸಿಯಂಥವಕ್ಕೆ ಕಬ್ಬಿಣ ಎಳೆದುಕೊಳ್ಳುವ ಶಕ್ತಿ ಕಮ್ಮಿ. ಅವಕ್ಕೆ 5.4ರಿಂದ 6.0 ರಸಸಾರ ಬೇಕು. ಜೆರೇನಿಯಂ, ಚೆಂಡು ಹೂ ಆ ಕೆಲಸದಲ್ಲಿ ಬಲು ಜೋರು. ರಸಸಾರ ತೀರ ಇಳಿದರೆ ಅವು ಕಬ್ಬಿಣ, ಮ್ಯಾಂಗನೀಸ್ ಎರಡನ್ನೂ ಅತಿಯಾಗಿ ಹೀರಿಕೊಂಡು, ಕೆಳಗಿನ ಎಲೆಗಳ ಮೇಲೆ ತುಕ್ಕಿನಂಥ ಚುಕ್ಕೆ ಬರಿಸಿಕೊಳ್ಳುತ್ತವೆ. ಅವಕ್ಕೆ 6.0ರಿಂದ 6.6 ಒಳ್ಳೇದು. ಎಲ್ಲ ಹೂವಿಗೂ ಒಂದೇ ಸಲಹೆ ಕೊಟ್ಟರೆ ಯಾವುದಾದರೂ ಒಂದು ಗಿಡ ನರಳುವುದು ಖಂಡಿತ.

ರಸಸಾರ ಏರುವುದು ಯಾಕೆ? ಹೆಚ್ಚಿನ ಕಡೆ ಕಾರಣ ನೀರು. ನೀರಿಗೆ ಪಿಎಚ್ ಪಟ್ಟಿ ಅದ್ದಿ, 7 ಬಂತು, ಸಮಸ್ಯೆ ಇಲ್ಲ ಅನ್ನುವವರಿದ್ದಾರೆ. ಪಟ್ಟಿ ಹೇಳುವುದು ಅರ್ಧ ಕಥೆ ಮಾತ್ರ. ನೋಡಬೇಕಾದ್ದು ನೀರಿನಲ್ಲಿರುವ ಬೈಕಾರ್ಬೊನೇಟ್. ಅದು ಜಾಸ್ತಿ ಇದ್ದರೆ ಪ್ರತಿ ಸಲ ನೀರು ಹಾಕಿದಾಗಲೂ ಕುಂಡಕ್ಕೆ ಚಿಟಿಕೆ ಸುಣ್ಣ ಹಾಕಿದಂತೆಯೇ. ಹೊಲದ ಮಣ್ಣು ಅದನ್ನು ತಡೆದುಕೊಳ್ಳುತ್ತದೆ. ಅಂಗೈಯಗಲದ ಕುಂಡದಲ್ಲಿ ಇರುವುದೇ ಎರಡು ಹಿಡಿ ಮಿಶ್ರಣ, ಅದು ಎಷ್ಟು ತಡೆದೀತು? ನೀರು ಪರೀಕ್ಷೆ ಮಾಡಿಸಿ. ಈ ಬೈಕಾರ್ಬೊನೇಟ್ ಎಷ್ಟಿದೆ ಎಂದು ಹೇಳುವ ಕ್ಷಾರೀಯತೆಯ ಅಂಕಿ ಲೀಟರಿಗೆ 150 ಮಿಲಿಗ್ರಾಂ ದಾಟಿದ್ದರೆ ಹುಷಾರಾಗಿರಬೇಕು. ಅದರ ಜೊತೆಗೆ ಬರೀ ಕ್ಯಾಲ್ಸಿಯಂ ನೈಟ್ರೇಟ್ ಕೊಡುತ್ತಾ ಹೋದರೆ ರಸಸಾರ ಇನ್ನೂ ಏರುತ್ತದೆ. ಅಮೋನಿಯಂ ಇರುವ ಗೊಬ್ಬರ ಇಳಿಸುತ್ತದೆ. ಚಳಿಗಾಲದಲ್ಲಿ ಮಾತ್ರ ಅಮೋನಿಯಂ ಕೊಡಲು ಕೈ ಬಿಗಿ ಹಿಡಿಯಬೇಕು.

ಕುಂಡದ ಒಳಗಿನ ಸಂಗತಿ ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಮೊದಲು ಎಂದಿನಂತೆ ನೀರು ಹಾಕಿ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಆಮೇಲೆ ಕುಂಡದ ಅಡಿಗೆ ತಟ್ಟೆ ಇಟ್ಟು, ಮೇಲಿನಿಂದ ಡಿಸ್ಟಿಲ್ಡ್ ನೀರನ್ನು ನಿಧಾನಕ್ಕೆ ಸುರಿಯಿರಿ. ಸುಮಾರು 50 ಮಿ.ಲೀ. ಇಳಿದರೆ ಸಾಕು. ಆ ನೀರಿಗೆ ಮೀಟರ್ ಅದ್ದಿ ರಸಸಾರ ನೋಡಿ, ಇಸಿ (ವಿದ್ಯುತ್ ವಾಹಕತೆ) ಮೀಟರ್ ಇದ್ದರೆ ಉಪ್ಪಿನಂಶವನ್ನೂ ನೋಡಿ. ಪಿಎಚ್ ಮೀಟರನ್ನು ರಸಸಾರ 7 ಮತ್ತು 4 ಇರುವ ಅಳತೆ ದ್ರಾವಣಗಳಲ್ಲಿ ಸರಿಹೊಂದಿಸದೆ ಅಳೆದರೆ ಆ ಅಂಕಿ ನಂಬುವಂಥದ್ದಲ್ಲ. ಒಂದು ಸಲದ ಅಂಕಿಗಿಂತ ಅದು ವಾರದಿಂದ ವಾರಕ್ಕೆ ಎತ್ತ ಸಾಗಿದೆ ಎನ್ನುವುದು ಮುಖ್ಯ. ನಾನು ಪುಸ್ತಕದಲ್ಲಿ ಬರೆದಿಡುತ್ತೇನೆ. ಎಲೆ ಬಣ್ಣ ಕೆಡುವ ಮೊದಲೇ ಅಂಕಿ ಸುಳಿವು ಕೊಡುತ್ತದೆ.

ಕಬ್ಬಿಣ ಕೊಡಲೇಬೇಕಾದರೆ ಅದರಲ್ಲೂ ಬಗೆಗಳಿವೆ. ಕಬ್ಬಿಣ ಕರಗಿಯೇ ಇರುವಂತೆ ಹಿಡಿದಿಡುವ ವಸ್ತು ಬೆರೆಸಿದ್ದಕ್ಕೆ ಚಿಲೇಟೆಡ್ ಕಬ್ಬಿಣ ಅನ್ನುತ್ತಾರೆ. ಅದರಲ್ಲಿ ಇಡಿಟಿಎ ಬಗೆಯದು ರಸಸಾರ 6.5ರ ಹತ್ತಿರ ಬಂದರೆ ಸೋಲುತ್ತದೆ. ರಸಸಾರ ಮೇಲೇರಿದ ಕುಂಡಕ್ಕೆ ಇಡಿಡಿಎಚ್‌ಎ ಬಗೆಯದು ಬೇಕು. ಬೇರಿಗೆ ಸುರಿದು, ಎಲೆ ಮೇಲೆ ಬಿದ್ದದ್ದನ್ನು ಕೂಡಲೇ ತೊಳೆಯಿರಿ. ಬೇರು ಕೊಳೆತು ಅಥವಾ ಸದಾ ನೀರು ನಿಂತು ತುದಿ ಹಳದಿಯಾಗಿದ್ದರೆ ಇದ್ಯಾವುದೂ ಕೆಲಸ ಮಾಡಲ್ಲ, ಸುಮ್ನೆ ಖರ್ಚು.

ಕೊನೆಗೆ ಮಿಶ್ರಣ ಮಾರುವವರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು. ಎಲ್ಲ ಗಿಡಕ್ಕೂ ಒಪ್ಪುತ್ತದೆ ಎಂದು ಚೀಲದ ಮೇಲೆ ದೊಡ್ಡದಾಗಿ ಅಚ್ಚು ಹಾಕುತ್ತೀರಿ. ರಸಸಾರ ಎಷ್ಟು, ಸುಣ್ಣ ಬೆರೆಸಿದ್ದೀರಾ, ಕೊಕೊಪೀಟಿನ ಉಪ್ಪು ತೊಳೆದಿದ್ದೀರಾ, ಇಷ್ಟನ್ನು ಸಣ್ಣ ಅಕ್ಷರದಲ್ಲಾದರೂ ಬರೆಯಿರಿ. ಪೆಟೂನಿಯಾಕ್ಕೆ ಯಾವ ಚೀಲ, ಜೆರೇನಿಯಂಗೆ ಯಾವುದು ಅಂತ ನಾವೇ ಆರಿಸಿಕೊಳ್ಳುತ್ತೇವೆ.

ಇತಿ,
ಕುಂಡದ ಹೂ ಬೆಳೆಯುವ ನಿಮ್ಮ ಓದುಗ